ಕಂತೋ, ಗುತ್ತಿಗೆಯೋ, ಕುತ್ತಿಗೆಯೋ

ನನ್ನ ಹೆಂಡತಿ ಶೋಲ್ಪನ್ ಅಲ್ಮಾಟಿಯ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ವೈದ್ಯೆ. ಊರಿನ ಅರ್ಧ ಜನರನ್ನು ಒಂದಲ್ಲ ಒಂದು ಸಲ ನಿದ್ದೆ ಮಾಡಿಸಿದ್ದಾಳೆ. ಕಟ್ಟಿಕೊಂಡ ಗಂಡನ ನಿದ್ದೆಯನ್ನು ಮಾತ್ರ ಕೆಡಿಸುತ್ತಲೇ ಬಂದಿದ್ದಾಳೆ. (ಎರಡೂ ಕೆಲಸಕ್ಕೆ ಅವಳು ಬಳಸುವುದು ಒಂದೇ ಮೆಲುದನಿ.)

ನಾನು ಯೆರ್ಜಿಗಿತ್, ಕಿಟಕಿ ಮಾಡಿಸಿ ಮಾರುವವನು. ಐವತ್ತು ದಾಟಿದ ಮೇಲೆ ಗಂಡಸಿಗೆ ಮಂಡಿ ನೋವು ಬರುತ್ತದೆ, ಇಲ್ಲವೇ ಮರುಳು ಬರುತ್ತದೆ. ನನಗೆ ಎರಡೂ ಒಟ್ಟಿಗೆ ಬಂದವು. ಹಳೆಯ ಗೋದಾಮು ಮಾರಿ ಕೈಯಲ್ಲಿ ನಾಲ್ಕು ಕಾಸು ಆಡುತ್ತಿದ್ದ ವಾರದಲ್ಲೇ, ಅಲ್-ಫರಾಬಿ ರಸ್ತೆಯ ಷೋರೂಮಿನ ಗಾಜಿನಾಚೆ ನಾನು ಅದನ್ನು ಕಂಡೆ. ಇಟಲಿಯ ಕಾರು. ಕೆಂಪು ಎಂದರೆ ಬರೀ ಕೆಂಪಲ್ಲ, ಮದುವಣಗಿತ್ತಿಯ ಕೆನ್ನೆಯ ಕೆಂಪು. ಆ ಗಾಜು ನನ್ನ ಕಾರ್ಖಾನೆಯದೇ. ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಮೊದಲ ಸಲ ನಾನು ಗಾಜನ್ನು ಬಿಟ್ಟು ಅದರಾಚೆ ಇದ್ದದ್ದನ್ನು ನೋಡಿದೆ.

ಷೋರೂಮಿನ ಮದಿಯಾರ್ ಎಂಬ ನಯವಂತ ನನಗೆ ಕಾಫಿ ಕೊಟ್ಟು ಮೂರು ದಾರಿ ತೋರಿಸಿದ. ಪೂರ್ತಿ ಹಣ ಕೊಟ್ಟು ಕೊಳ್ಳುವುದು ಒಂದು. ಬ್ಯಾಂಕಿನ ಸಾಲದಲ್ಲಿ ಕಂತು ಕಟ್ಟುವುದು ಇನ್ನೊಂದು. ಮೂರು ವರ್ಷಕ್ಕೆ ಗುತ್ತಿಗೆಗೆ ಪಡೆದು, ಆಮೇಲೆ ವಾಪಸು ಕೊಟ್ಟು ಕೈ ತೊಳೆದುಕೊಳ್ಳುವುದು ಮತ್ತೊಂದು.

"ಬೇಗ ಹೇಳಿ ಅಗಾ. ಅಕ್ತಾವಿನಿಂದ ಕಚ್ಚಾ ಎಣ್ಣೆ ವ್ಯಾಪಾರದವರೊಬ್ಬರು ಶನಿವಾರ ವಿಮಾನದಲ್ಲಿ ಬರ್ತಿದಾರೆ. ಅವರು ನೋಡಿದ್ರೆ ಬಿಡೋರಲ್ಲ" ಎಂದ.

ಅಂದು ಮಂಗಳವಾರ. ಬೆರಳು ಮಡಿಸಿ ಎಣಿಸಿದೆ, ನಾಲ್ಕೇ ದಿನ.

ಮನೆಗೆ ಬಂದು ಸುದ್ದಿ ಹೇಳಿದೆ. ಶೋಲ್ಪನ್ ಚಹಾದ ಬಟ್ಟಲನ್ನು ಕೆಳಗಿಟ್ಟಳು. ಕಣ್ಣು ಕೆಂಡ ಕಾರಿದವು. (ನನಗೆ ಆ ದಿನಗಳಲ್ಲಿ ಕೆಂಡದಲ್ಲೂ ಕಾರೇ ಕಾಣುತ್ತಿತ್ತು.)

"ರೀ, ದೂರದರ್ಶಕ ತಂದ್ರಿ. ಎರಡು ಸಲ ಚಂದ್ರನ್ನ ನೋಡಿದ್ರಿ, ಆಮೇಲೆ ಅದರ ಕಾಲಿಗೆ ಟೊಮೆಟೊ ಗಿಡ ಕಟ್ಟಿದ್ರಿ. ಅಕಾರ್ಡಿಯನ್ ತಂದ್ರಿ, ಅದರೊಳಗೆ ಬೆಕ್ಕು ಮರಿ ಹಾಕ್ತು. ನಿಮ್ಮ ಆಸೆಗೆ ಆಯಸ್ಸೆಷ್ಟು ಅಂತ ನಂಗೊತ್ತಿಲ್ವಾ? ಬೇಕೇ ಬೇಕು ಅಂದ್ರೆ ಗುತ್ತಿಗೆಗೆ ತಗೊಳ್ಳಿ. ಜ್ವರ ಬಿಟ್ಟ ಮೇಲೆ ಥರ್ಮಾಮೀಟರ್ ವಾಪಸ್ ಕೊಟ್ಟಹಾಗೆ ಕೊಟ್ಟುಬಿಡೋಣ."

"ಪೂರ್ತಿ ಕೊಟ್ರೆ ಗೋದಾಮಿನ ಗಂಟೆಲ್ಲ ಹೋಗುತ್ತೆ. ಕಂತಿನಲ್ಲಿ ತಗೊಂಡ್ರೆ ಉಳಿಯುತ್ತಲ್ಲೇ?"

"ಸಾಲಕ್ಕೆ ಹೆಂಡತಿ ಸಹಿನೂ ಬೇಕು ಅಂದ್ರಲ್ಲ? ನಾನು ಹಾಕಲ್ಲ." ದನಿ ಇನ್ನಷ್ಟು ಮೆತ್ತಗಾಯಿತು. ಅವಳ ದನಿ ಮೆತ್ತಗಾದಷ್ಟೂ ಎದುರಿಗಿದ್ದವನಿಗೆ ಆಪರೇಷನ್ ಹತ್ತಿರ ಬಂತೆಂದೇ ಅರ್ಥ.

ಆಗ ಒಳಕೋಣೆಯಿಂದ ನನ್ನ ತಾಯಿ ಬಂದರು. ಎಂಬತ್ತು ವರ್ಷ. ಹುಲ್ಲುಗಾವಲಿನಲ್ಲಿ ಹುಟ್ಟಿ, ನಡೆಯುವ ಮೊದಲೇ ಕುದುರೆ ಹತ್ತಿದವರು. ಮನೆಯಲ್ಲಿ ಎಲ್ಲರಿಗೂ ಅವರು ಆಪಾ. ಕಿವಿ ಮಂದ, ಆದರೆ ಬೇಕಾದ ಮಾತು ಗೋಡೆ ದಾಟಿಯೂ ಕೇಳಿಸುತ್ತದೆ.

"ಏನಂದೆ ಸೊಸೆ? ಗುತ್ತಿಗೆನಾ? ಬಾಡಿಗೆ ಕುದುರೆ ಏರಿ ನನ್ನ ಮಗ ಬೀದೀಲಿ ಮೆರೀಬೇಕಾ? ಇವನ ಅಪ್ಪ ಬರಿಗಾಲಲ್ಲಿ ನಡೆದ್ರೂ ಇನ್ನೊಬ್ಬರ ಕುದುರೆ ಬೆನ್ನು ಮುಟ್ಟಿದವರಲ್ಲ. ತಂದ್ರೆ ಸ್ವಂತದ್ದು ತಾ. ಬಾಡಿಗೇದು ತಂದ್ಯೋ, ನಾನು ಕೈಯೆತ್ತಿ ಹರಸೋದೂ ಇಲ್ಲ, ನಿನ್ನ ಕೈಲಿ ಚಹಾ ಕುಡಿಯೋದೂ ಇಲ್ಲ."

ಪರಿಸ್ಥಿತಿ ಹೀಗಾಯಿತು: ಕಂತಿಗೆ ಹೆಂಡತಿಯ ಸಹಿ ಇಲ್ಲ, ಗುತ್ತಿಗೆಗೆ ತಾಯಿಯ ಹಾರೈಕೆ ಇಲ್ಲ. ಕಂತೂ ಗುತ್ತಿಗೆಯೂ ಹೋಗಿ ಕೊನೆಗೆ ನನ್ನ ಪಾಲಿಗೆ ಉಳಿದದ್ದು ಕುತ್ತಿಗೆ ಒಂದೇ.

ಬುಧವಾರ ಮನೆಯಲ್ಲಿ ಮಾಂಸ ಬೇಯುವ ಸದ್ದೇ ಬೈಗುಳದ ಹಾಗೆ ಕೇಳುತ್ತಿತ್ತು. ಮದಿಯಾರ್ ಫೋನ್ ಮಾಡಿ, ಎಣ್ಣೆಯವರು ಟಿಕೆಟ್ ತೆಗೆಸಿಬಿಟ್ಟರಂತೆ ಎಂದ. ನಾನು ಕೊನೆಯ ಅಸ್ತ್ರ ತೆಗೆದೆ. "ಶೋಲ್ಪನ್, ಒಂದ್ಸಲ ಕೂತು ನೋಡು. ಆಮೇಲೆ ಏನು ಬೇಕಾದ್ರೂ ಹೇಳು."

ಗುರುವಾರ ಬೆಳಗ್ಗೆ ಇಬ್ಬರೂ ಹೋದೆವು. ಮದಿಯಾರ್ ಕೀಲಿಯನ್ನು ನನ್ನ ಕೈಗೆ ನೀಡಿದ. ಅದು ನನ್ನ ಕೈ ತಲುಪಲಿಲ್ಲ.

"ನಾನು ಓಡಿಸ್ತೀನಿ. ರೋಗಿ ಪಕ್ಕದಲ್ಲಿ ಮಲಗಿದ್ರೆ ಸಾಕು" ಎಂದಳು ಶೋಲ್ಪನ್.

ಮೆದೆವಿನ ಬೆಟ್ಟದ ದಾರಿ ಹಿಡಿದಳು. ಮೊದಲ ತಿರುವಿನವರೆಗೆ ಸಂಭಾವಿತೆಯಂತೆ ಇದ್ದಳು. ಎರಡನೆಯ ತಿರುವಿನಲ್ಲಿ ಕಾಲು ಒತ್ತಿದಳು ನೋಡಿ, ನನ್ನ ಹೊಟ್ಟೆ ಷೋರೂಮಿನಲ್ಲೇ ಉಳಿದು ಮಿಕ್ಕ ನಾನು ಮಾತ್ರ ಮುಂದೆ ಹೋದೆ. ಎಡಗಡೆ ಕಣಿವೆ, ಬಲಗಡೆ ಬಂಡೆ, ಎದುರಿಗೆ ಪ್ರವಾಸಿಗರನ್ನು ತುಂಬಿಕೊಂಡ ಬಸ್ಸು. ಬಸ್ಸಿನವನು ಕೈ ಎದೆಯ ಮೇಲಿಟ್ಟುಕೊಂಡದ್ದು ಕಾಣಿಸಿತು. ನಾನು ಕೂಗಿಕೊಂಡೆ. ಬಾಗಿಲ ಹಿಡಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡೆ.

"ಗಾಬರಿ ಬೇಡ. ಉಸಿರು ಒಳಗೆ ತಗೊಳ್ಳಿ. ನಿಧಾನಕ್ಕೆ ಹೊರಗೆ ಬಿಡಿ. ಈಗ ಹತ್ತರಿಂದ ಹಿಂದಕ್ಕೆ ಎಣಿಸಿ" ಎಂದಳು ಅದೇ ಮೆಲುದನಿಯಲ್ಲಿ.

ನಾನು ಎಣಿಸಿದೆ. ಏಳರವರೆಗೆ ನೆನಪಿದೆ.

ಕಣ್ಣು ಬಿಟ್ಟಾಗ ಮತ್ತೆ ಷೋರೂಮಿನ ಮುಂದೆ ಇದ್ದೆವು. ಶೋಲ್ಪನ್‌ಳ ಕೂದಲು ಕೆದರಿತ್ತು, ಕೆನ್ನೆಗೆ ಕಾರಿನ ಬಣ್ಣ ಬಂದಿತ್ತು. ಮದುವೆಯಾದ ಹೊಸದರಲ್ಲಿ ಒಮ್ಮೆ ಹೀಗೆ ನಕ್ಕಿದ್ದಳು. ಗೆದ್ದೆ ಅಂದುಕೊಂಡೆ.

"ಚೆನ್ನಾಗಿದೆ" ಎಂದಳು. "ಗುತ್ತಿಗೆಗೆ ತಗೊಳ್ಳಿ."

ಸಂಜೆ ಚಹಾಕ್ಕೆ ಮೋಲ್ದಿರ್ ಬಂದಳು. ತರಾಜ್ ಊರಿನಲ್ಲಿರುವ ನನ್ನ ಅಕ್ಕನ ಮಗಳು. ಶೋಲ್ಪನ್ ಕೆಲಸ ಮಾಡುವ ಆಸ್ಪತ್ರೆಯಲ್ಲೇ ಆಂಬುಲೆನ್ಸ್ ಓಡಿಸುತ್ತಾಳೆ. ಮಾತು ಕಡಿಮೆ, ಹಸಿವು ಹೆಚ್ಚು. ನಾವು ಮೂವರೂ ಮತ್ತೆ ಕಿತ್ತಾಡುವುದನ್ನು ಎಣ್ಣೆಯಲ್ಲಿ ಕರಿದ ಬೌರ್ಸಾಕ್ ಅಗಿಯುತ್ತಾ ಕೇಳಿಸಿಕೊಂಡು, ಕೊನೆಗೆ ಬಾಯಿಬಿಟ್ಟಳು.

"ಮಾವ, ಕಂತು ಮುಗಿಯೋವರೆಗೂ ಕಾರು ಬ್ಯಾಂಕಿಂದು ಅಲ್ವಾ?"

"ಒಂದು ಲೆಕ್ಕದಲ್ಲಿ ಹಾಗೇ ಕಣಮ್ಮ."

"ಗುತ್ತಿಗೆ ಆದ್ರೆ ಕಂಪನಿದು. ಪೂರ್ತಿ ಕೊಟ್ಟುಬಿಟ್ರೆ?"

"ನಂದು!" ಎದೆಯುಬ್ಬಿಸಿ ಹೇಳಿದೆ. "ಯಾವನನ್ನೂ ಕೇಳ್ಬೇಕಾಗಿಲ್ಲ."

"ಹಾಗಿದ್ರೆ ಅದೇ ಒಳ್ಳೇದು ಮಾವ" ಎಂದಳು. ಆಪಾ ತಟ್ಟೆಯಲ್ಲಿದ್ದ ಕುದುರೆ ಮಾಂಸದ ಒಳ್ಳೆಯ ತುಂಡುಗಳನ್ನೆಲ್ಲ ಮೊಮ್ಮಗಳ ಕಡೆ ಸರಿಸಿದರು. ಮನೆಯಲ್ಲಿ ನನ್ನ ಪರವಾಗಿ ಮಾತಾಡುವ ಒಂದು ಜೀವ ಸಿಕ್ಕಿತಲ್ಲ ಎಂದು ನಾನೇ ಅವಳ ಬಟ್ಟಲಿಗೆ ಚಹಾ ಬಗ್ಗಿಸಿದೆ.

ಶುಕ್ರವಾರ ರೊಕ್ಕ ಪೂರ್ತಿ ಕಟ್ಟಿದೆ. ಗೋದಾಮಿನ ಹಣವೆಲ್ಲ ಒಂದೇ ಗುಟುಕಿಗೆ ಹೋಯಿತು. ಮದಿಯಾರ್ ಎರಡೂ ಕೈಯಲ್ಲಿ ನನ್ನ ಕೈ ಹಿಡಿದು ಕುಲುಕಿದ. ಶೋಲ್ಪನ್ ಜಗಳವಾಡಲಿಲ್ಲ. "ನಿಮ್ಮ ಹಣ, ನಿಮ್ಮ ಹಟ" ಎಂದಷ್ಟೇ ಹೇಳಿ ಆಸ್ಪತ್ರೆಗೆ ಹೋದಳು. ಆ ಶಾಂತಿಗೆ ನಾನು ಹೆದರಬೇಕಿತ್ತು.

ಭಾನುವಾರ ಅಂಗಳದಲ್ಲಿ ಹಬ್ಬ. ಆಪಾ ಕರೆಸಿದ್ದ ನಂಟರು, ಅವರು ಕರೆತಂದ ನಂಟರು, ಯಾರ ನಂಟರೆಂದು ಯಾರಿಗೂ ಗೊತ್ತಿಲ್ಲದ ನಂಟರು. ಹೊಸದಾಗಿ ಏನು ಬಂದರೂ ಅದರ ಮೇಲೆ ಮಿಠಾಯಿ, ನಾಣ್ಯ ಎರಚಿ ಹರಸುವುದು ನಮ್ಮ ಹೆಂಗಸರ ಪದ್ಧತಿ. ಆಪಾ ಗಟ್ಟಿ ಸಕ್ಕರೆ ಮಿಠಾಯಿಯ ಬಟ್ಟಲು ಎತ್ತಿದ್ದು ನೋಡಿ ನನ್ನ ಜೀವ ಬಾಯಿಗೆ ಬಂತು.

"ಆಪಾ, ಬಣ್ಣ! ಆಪಾ, ಮೆಲ್ಲಗೆ! ಚಾಕೊಲೇಟ್ ಎಸೀರಿ, ಮೆತ್ತಗಿರುತ್ತೆ!"

ಟಣ್. ಟಣ್. ಟಣಟಣ. ನಾನು ಕೋಟು ಬಿಚ್ಚಿ ಬಾನೆಟ್ಟಿನ ಮೇಲೆ ಅಂಗಾತ ಬಿದ್ದೆ. ನಾಣ್ಯಗಳು ನನ್ನ ಹೊಟ್ಟೆಗೆ ಬಿದ್ದವು. ನಂಟರು ಚಪ್ಪಾಳೆ ತಟ್ಟಿದರು, ಮಕ್ಕಳು ನನ್ನ ಕಂಕುಳಿನಿಂದ ಮಿಠಾಯಿ ಆಯ್ದುಕೊಂಡರು. ಒಂದು ಗೀರೂ ಬೀಳಲಿಲ್ಲ. ಕಾರಿಗೆ.

ಎದ್ದು ಕೋಟು ಕೊಡವಿಕೊಳ್ಳುತ್ತಿದ್ದೆ. ಮೋಲ್ದಿರ್ ಮುಂದೆ ಬಂದು ನಿಂತಳು.

"ಮಾವ, ನನ್ನ ಮೂರನೇ ಕೋರಿಕೆ ಇನ್ನೂ ಬಾಕಿ ಇದೆ."

ನಂಟರೆಲ್ಲ ನಮ್ಮ ಸುತ್ತ ನೆರೆದರು. ನಮ್ಮಲ್ಲಿ ಅಕ್ಕತಂಗಿಯರ ಮಕ್ಕಳಿಗೆ ಒಂದು ಹಕ್ಕುಂಟು. ತಾಯಿಯ ತವರಿನಲ್ಲಿ ಅವರು ಮೂರು ಸಲ ಏನು ಬೇಕಾದರೂ ಕೇಳಬಹುದು, ಸೋದರಮಾವ ಇಲ್ಲ ಎನ್ನುವಂತಿಲ್ಲ. ಮೋಲ್ದಿರ್ ಐದು ವರ್ಷದವಳಿದ್ದಾಗ ನನ್ನ ನಾಯಿಮರಿ ಕೇಳಿದ್ದಳು. ಕಾಲೇಜಿಗೆ ಹೋಗುವಾಗ ನನ್ನ ಚರ್ಮದ ಜಾಕೆಟ್ ಕೇಳಿದ್ದಳು. ಆಮೇಲೆ ಹತ್ತು ವರ್ಷ ಏನನ್ನೂ ಕೇಳಿರಲಿಲ್ಲ. ಮರೆತಿದ್ದಾಳೆ ಅಂದುಕೊಂಡಿದ್ದೆ.

"ಕಾರು ಕೊಡಿ ಮಾವ."

ಶೋಲ್ಪನ್ ನನ್ನ ಕಿವಿಯ ಹತ್ತಿರ ಬಂದಳು. "ಗುತ್ತಿಗೆಗೆ ತಗೊಂಡಿದ್ರೆ, 'ನಂದಲ್ಲಮ್ಮ, ಕಂಪನೀನ ಕೇಳು' ಅನ್ನಬಹುದಿತ್ತು. ಈಗ ಹೇಳಿ, ಯಾರದು?"

ನಾನು ಆಪಾ ಕಡೆ ನೋಡಿದೆ. ಅವರು ಮಿಠಾಯಿಯೊಂದರ ಕಾಗದ ಬಿಚ್ಚುತ್ತಿದ್ದರು.

"ಆಪಾ, ಇದಕ್ಕೇನಾ ಸ್ವಂತದ್ದೇ ತಾ ಅಂದಿದ್ದು?"

"ಮತ್ತೇನು? ನನ್ನ ಮೊಮ್ಮಗಳಿಗೆ ಬಾಡಿಗೆ ಕುದುರೆ ಕೊಡೋಕಾಗುತ್ತಾ?" ಎಂದರು. "ಇಲ್ಲ ಅಂದ್ರೆ ಕೈ ನಡುಗೋ ರೋಗ ಬರುತ್ತೆ, ನೆನಪಿರಲಿ."

ಕೈ ಆಗಲೇ ನಡುಗುತ್ತಿತ್ತು. ಕೀಲಿಯನ್ನು ಜೇಬಿನೊಳಗೇ ಒತ್ತಿ ಹಿಡಿದೆ. ಆಮೇಲೆ ಕೇಳಿದೆ, "ನಿನಗ್ಯಾಕಮ್ಮ ಇದು?"

ಮೋಲ್ದಿರ್ ನೆಲ ನೋಡುತ್ತ ಹೇಳಿದಳು. "ದಿನಾ ಜೋರಾಗೇ ಓಡಿಸ್ತೀನಿ ಮಾವ. ಆದ್ರೆ ಹಿಂದೆ ಯಾವಾಗ್ಲೂ ಯಾರೋ ನರಳ್ತಿರ್ತಾರೆ. ಹಿಂದೆ ಯಾರೂ ಇಲ್ಲದೆ ಒಂದ್ಸಲ ಜೋರಾಗಿ ಹೋಗ್ಬೇಕು ನಂಗೆ."

ನಾನು ಕೀಲಿ ಕೊಟ್ಟೆ. ವಿಚಿತ್ರವೆಂದರೆ, ಕೊಟ್ಟ ಕೂಡಲೇ ಕೈ ನಡುಗುವುದು ನಿಂತಿತು. ಕಾರು ಗೇಟು ದಾಟಿ ಬೆಟ್ಟದ ಕಡೆ ತಿರುಗಿತು. ಅದರ ಸದ್ದು ಕೇಳಿಸುತ್ತಿದ್ದಷ್ಟು ಹೊತ್ತೂ ಶೋಲ್ಪನ್ ನನ್ನ ತೋಳು ಹಿಡಿದು ನಿಂತಿದ್ದಳು. "ಒಳ್ಳೇ ಮಾವ ಕಣ್ರೀ ನೀವು" ಎಂದಳು. ಮದುವೆಯಾದ ಮೇಲೆ ಅವಳು ನನಗೆ ಕೊಟ್ಟ ಪ್ರಶಸ್ತಿಗಳಲ್ಲಿ ಇದೇ ದೊಡ್ಡದು. (ಇದೊಂದೇ.)

ಕಥೆ ಇಲ್ಲಿಗೆ ಮುಗಿದಿದ್ದರೆ ನಾನೊಬ್ಬ ತ್ಯಾಗವೀರನಾಗಿ ಉಳಿಯುತ್ತಿದ್ದೆ.

ಮುಂದಿನ ಶನಿವಾರ ಮೋಲ್ದಿರ್ ಮತ್ತೆ ಬಂದಳು. ಮುಖದಲ್ಲಿ ಬಿಸಿಲು ತುಂಬಿತ್ತು. "ಸಾಕಾಯ್ತು ಮಾವ, ಮನಸ್ಸು ತುಂಬ್ತು. ಆದ್ರೆ ಈ ಪ್ರಾಣಿಗೆ ಪೆಟ್ರೋಲ್ ಕುಡಿಸೋ ಸಂಬಳ ನನಗಿಲ್ಲ."

ನನ್ನ ಎದೆ ಅರಳಿತು. "ಅದಕ್ಕೇನಮ್ಮ, ವಾಪಸ್ ಕೊಟ್ಟುಬಿಡು."

"ಕೋರಿಕೆಯಲ್ಲಿ ಪಡೆದಿದ್ದನ್ನ ವಾಪಸ್ ಕೊಡಬಾರದಂತೆ. ಅಜ್ಜಿ ಹೇಳಿದ್ರು" ಎಂದಳು. "ಗುತ್ತಿಗೆಗೆ ಬೇಕಾದ್ರೆ ತಗೊಳ್ಳಿ. ಮೂರು ವರ್ಷಕ್ಕೆ."

ನಾನು ಹೆಂಡತಿಯ ಮುಖ ನೋಡಿದೆ. ಶೋಲ್ಪನ್ ಆಗಲೇ ಮೋಲ್ದಿರ್‌ಳ ಪಕ್ಕಕ್ಕೆ ಹೋಗಿ ಕೂತಿದ್ದಳು. "ತೊಳೆಸೋದು ಇವರದು, ಚಳಿಗಾಲದ ಟೈರು ಇವರದು, ಗೀರು ಬಿದ್ರೆ ಇವರದೇ ತಪ್ಪು" ಎಂದು ಷರತ್ತು ಹೇಳಿಕೊಡುತ್ತಿದ್ದಳು. ಬಾಡಿಗೆಯ ಮೊತ್ತ ಕೇಳಿ ನಾನು ಚೌಕಾಶಿಗೆ ಇಳಿದೆ. ಮೂರು ಹೆಂಗಸರೂ ಒಟ್ಟಿಗೆ ನನ್ನ ಕಡೆ ನೋಡಿದರು. ಒಪ್ಪಿದೆ. ಬಾಡಿಗೆ ಕುದುರೆಯ ವಿಷಯ ಆಪಾಗೆ ನೆನಪಿಸಿದೆ. "ಮನೆ ಮಗಳಿಂದ ತಗೊಂಡ್ರೆ ಅದು ಬಾಡಿಗೆ ಹೇಗಾಗುತ್ತೆ?" ಎಂದು ಅಂಗೈ ಬಿಚ್ಚಿ, ದೀರ್ಘವಾಗಿ ಹರಸಿದರು.

ಮರುದಿನ ಭಾನುವಾರ. ಹೊಸ ಅಂಗಿ ತೊಟ್ಟು, ಕೂದಲಿಗೆ ಎಣ್ಣೆ ಹಚ್ಚಿ, ಗುತ್ತಿಗೆದಾರನ ಗತ್ತಿನಲ್ಲಿ ಅಂಗಳಕ್ಕೆ ಇಳಿದೆ. ಎಂಜಿನ್ ಆಗಲೇ ಗುರ್ ಎನ್ನುತ್ತಿತ್ತು. ಚಾಲಕಿಯ ಜಾಗದಲ್ಲಿ ಕಪ್ಪು ಕನ್ನಡಕ ಹಾಕಿದ ಶೋಲ್ಪನ್. ಪಕ್ಕದಲ್ಲಿ ಬಿಳಿಯ ತಲೆವಸ್ತ್ರ ಬಿಗಿದು, ಬಾಗಿಲ ಹಿಡಿಯನ್ನು ಲಗಾಮಿನಂತೆ ಹಿಡಿದ ಆಪಾ. ಆ ಕಾರಿಗೆ ಇರುವುದೇ ಎರಡು ಸೀಟು.

ಶೋಲ್ಪನ್ ಕಿಟಕಿ ಇಳಿಸಿದಳು.

"ರೀ, ಬೆಟ್ಟಕ್ಕೆ ಹೋಗಿ ಸಂಜೆಗೆ ಬರ್ತೀವಿ. ಮೋಲ್ದಿರ್ ಊಟಕ್ಕೆ ಬರ್ತಾಳೆ, ಅಡಿಗೆ ಮಾಡಿಡಿ. ಹಾಗೇ ಮೊದಲ ತಿಂಗಳ ಬಾಡಿಗೆನೂ ಅವಳ ಕೈಗೇ ಕೊಟ್ಟುಬಿಡಿ."