ಅಭಿಪ್ರಾಯವಿಲ್ಲದ ಕಾಕಾ

ಯಾವ ವಿಷಯದ ಬಗ್ಗೆಯೂ ಅಭಿಪ್ರಾಯವೇ ಇಲ್ಲದ ಮನುಷ್ಯರು ಈ ಭೂಮಿಯ ಮೇಲೆ ಒಬ್ಬರಿದ್ದರೆ ಅವರು ನಮ್ಮ ಕಾಕಾ. ಕ್ರಿಕೆಟ್ಟಿನಲ್ಲಿ ನಾವು ಸೋತಾಗಲೂ ಇಲ್ಲ, ಸರ್ಕಾರ ಬಿದ್ದಾಗಲೂ ಇಲ್ಲ, ಹೆಂಡತಿ, ಅಂದರೆ ನಮ್ಮ ಕಾಕೂ, ಹೊಸ ಸೀರೆಯುಟ್ಟು ಎದುರು ನಿಂತಾಗಲಂತೂ ಇಲ್ಲವೇ ಇಲ್ಲ! "ಹ್ಯಾಂಗದ?" ಎಂದು ಕಾಕೂ ಕೇಳಿದರೆ ಕಾಕಾ ಕನ್ನಡಕ ಸರಿಮಾಡಿಕೊಂಡು ನೋಡಿ, "ಹಸಿರು ಅದ" ಎನ್ನುತ್ತಾರೆ. ಸಾರಿನ ಗತಿಯೂ ಅಷ್ಟೇ. "ಉಪ್ಪದ, ಹುಳಿ ಅದ, ಬಿಸಿ ಅದ." ಚೆನ್ನಾಗಿದೆಯೋ ಇಲ್ಲವೋ? ಅದನ್ನು ಉಣ್ಣುವವರು ತೀರ್ಮಾನಿಸಬೇಕಂತೆ. ಉಣ್ಣುತ್ತಿರುವವರು ತಾವೇ ಅಲ್ಲವೇ ಎಂದು ಕೇಳುವ ಹಾಗಿಲ್ಲ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಹರೆಯದಲ್ಲೇ ಧಾರವಾಡ ಬಿಟ್ಟು ವಡೋದರಾಕ್ಕೆ ಹೋಗಿ, ಎಣ್ಣೆ ಶುದ್ಧಮಾಡುವ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಹಿಡಿದವರು. ಅಲ್ಲಿ ಸ್ಯಾಂಪಲ್ ಬಂದರೆ "ಚಲೋ ಅದ" ಎಂದು ಬರೆದು ಕೊಡಲಾಗುವುದಿಲ್ಲ. ಬಣ್ಣ ಯಾವುದು, ಎಷ್ಟು ಮಂದ, ಎಷ್ಟು ಬಿಸಿಗೆ ಹೊತ್ತಿಕೊಳ್ಳುತ್ತದೆ ಎಂದೇ ಬರೆಯಬೇಕು. ಉಳಿದವರು ಆಫೀಸಿನಿಂದ ಮನೆಗೆ ಪೆನ್ನು, ಕಾಗದ ತಂದರೆ ನಮ್ಮ ಕಾಕಾ ಈ ಚಾಳಿ ತಂದರು. ಗುಜರಾತಿಗಳಿಗೂ ಅಪ್ಪನ ತಮ್ಮ ಕಾಕಾನೇ ಆದ್ದರಿಂದ ಇಡೀ ಓಣಿಗೇ ಅವರು ಕಾಕಾ.

ಓದು ಮುಗಿಸಿ ಕೆಲಸ ಹುಡುಕಲು ನಾನು ಮೊದಲು ಇಳಿದದ್ದು ಅವರ ಮನೆಯಲ್ಲೇ. ಬಂದ ವಾರದಲ್ಲೇ ಪಕ್ಕದ ಮನೆಯವರು ಊಟಕ್ಕೆ ಕರೆದರು. ವಾಪಸ್ಸು ಬರುವಾಗ ನಾನು, "ಬ್ಯಾಳಿಗೆ ಬೆಲ್ಲ ಹಾಕಿ ಕೆಡಿಸಿಬಿಟ್ಟಾರ ಕಾಕಾ" ಎಂದೆ.

ಕಾಕಾ ರಸ್ತೆಯ ನಡುವೆಯೇ ನಿಂತರು. "ಬೆಲ್ಲ ಹಾಕ್ಯಾರ, ಅದು ಸಂಗತಿ. ಕೆಡಿಸ್ಯಾರ, ಅದು ನಿನ್ನ ಅಭಿಪ್ರಾಯ. ಅವರು ನಮ್ಮ ಮನಿಗೆ ಉಣ್ಣಾಕ ಬಂದಾಗ, ಪಾಪ, ಬೆಲ್ಲ ಮರತಾರ ಅಂತ ಸುಮ್ಮನ ಉಂಡು ಹೋಗಿದ್ರು."

ಹಿಂದಿನಿಂದ ಬಂದ ಸ್ಕೂಟರಿನವನು ಹಾರ್ನ್ ಬಾರಿಸಿ ನಮಗಿಬ್ಬರಿಗೂ ಬುದ್ಧಿ ಇಲ್ಲವೆಂದು ಗುಜರಾತಿಯಲ್ಲಿ ಕೂಗಿ ಹೋದ. ಅದೂ ಅಭಿಪ್ರಾಯವೇ ಎಂದು ಕಾಕಾ ನನಗೆ ಸಮಾಧಾನ ಹೇಳಿದರು.

ಇಂಥವರ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ ಇಟ್ಟರೆ ಏನಾಗಬೇಕೋ ಅದೇ ಆಯಿತು. ಸೂರತ್ತಿನಲ್ಲಿ ನೆಲೆಸಿದ್ದ ನಮ್ಮ ಕಡೆಯ ಮನೆತನವೊಂದು ನನ್ನನ್ನು ನೋಡಲು ಬಂತು. ಅವಲಕ್ಕಿ ತಿಂದು ಚಹಾ ಕುಡಿದ ಮೇಲೆ ಹುಡುಗನ ತಾಯಿ ನಯವಾಗಿ, "ಹುಡುಗಿ ಸ್ವಭಾವ ಹ್ಯಾಂಗ್ರಿ?" ಎಂದು ಕೇಳಿದರು. ಯಾರಾದರೂ ಆಗ ಏನು ಹೇಳುತ್ತಾರೆ? ಬಂಗಾರದಂಥ ಹುಡುಗಿ ಎನ್ನುತ್ತಾರೆ. ನಮ್ಮ ಕಾಕಾ?

"ಸ್ವಭಾವ ಅಳೆಯೋ ಸಾಧನ ನನ್ನ ಹತ್ರ ಇಲ್ರಿ. ಸಿಟ್ಟು ಬಂದರ ಬಾಗಿಲಾ ಬಡೀತಾಳ. ಚಿಲಕ ಮೊನ್ನೆ ರಿಪೇರಿ ಮಾಡಿಸೇನಿ."

ಹುಡುಗನ ತಾಯಿ ಚಿಲಕವನ್ನು ನೋಡಿದರು. ಸೂರತ್ತಿನಿಂದ ಮತ್ತೆ ಸುದ್ದಿ ಬರಲಿಲ್ಲ. ಹುಡುಗ ನನಗೂ ಹಿಡಿಸಿರಲಿಲ್ಲ, ಆ ಮಾತು ಬೇರೆ. ಆದರೂ ನಾನು ಸಿಟ್ಟಿನಿಂದ, "ನನ್ನ ಬಗ್ಗೆ ಒಂದು ಒಳ್ಳೇ ಮಾತಾಡಿದ್ರ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಕೇಳಿ, ಬಾಗಿಲು ಬಡಿದು ಒಳಗೆ ಹೋದೆ. ರಿಪೇರಿಯಾದ ಚಿಲಕ ಗಟ್ಟಿಯಿತ್ತು.

ಅಷ್ಟರಲ್ಲಿ ಅಹಮದಾಬಾದಿನಲ್ಲಿ ಬಟ್ಟೆ ರಫ್ತು ಮಾಡುವ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಆಗಿನ್ನೂ ಮೊಬೈಲಿಗೆ ಬಂದ ಕರೆಗೂ ದುಡ್ಡು ಕೊಡುತ್ತಿದ್ದ ಕಾಲ. ಬೆಂಗಳೂರಿನ ಇಬ್ಬರು ಹುಡುಗಿಯರ ಜೊತೆ ಫ್ಲಾಟ್ ಹಿಡಿದೆ. ಪರದೇಶದ ಗಿರಾಕಿಗಳು ಎದ್ದು ಫೋನು ಹಚ್ಚುವ ಹೊತ್ತಿಗೆ ನಮಗಿಲ್ಲಿ ಸಂಜೆಯಾಗಿರುತ್ತಿತ್ತು. ಹಾಗಾಗಿ ಮನೆ ಸೇರುವಾಗ ತಡವಾಗುತ್ತಿತ್ತು. ಆಫೀಸಿನ ಹುಡುಗನೊಬ್ಬ ಅದೇ ದಾರಿಯವನಾದ್ದರಿಂದ ಸ್ಕೂಟರಿನಲ್ಲಿ ಬಿಟ್ಟು ಹೋಗುತ್ತಿದ್ದ. ಇಷ್ಟು ಸಾಕಲ್ಲವೇ? ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಬಂದು, "ನಿಮ್ಮ ನಡತೆ ಸರಿಯಿಲ್ಲ ಅಂತ ದೂರು ಬಂದಿದೆ. ಭಾನುವಾರ ಮೀಟಿಂಗಿಗೆ ಹಿರಿಯರನ್ನು ಕರೆಸಿ, ಇಲ್ಲದಿದ್ದರೆ ಮನೆ ಖಾಲಿ ಮಾಡಿ" ಎಂದರು. ಕ್ಷಮೆ ಕೇಳಿದರೆ ನೋಡಬಹುದು ಎಂದೂ ಸೇರಿಸಿದರು.

ಯಾವುದಕ್ಕೆ ಕ್ಷಮೆ? ದುಡಿದದ್ದಕ್ಕೋ? ಕೇಳುವುದಿಲ್ಲ ಎಂದೆ. ಆದರೆ ಅಪ್ಪನ ಕಿವಿಗೆ ಇದು ಬಿದ್ದರೆ ಕೆಲಸ ಬಿಡಿಸಿ ಧಾರವಾಡಕ್ಕೆ ಎಳೆದುಕೊಂಡು ಹೋಗುವುದು ಖಂಡಿತವಾಗಿತ್ತು. ಬೇರೆ ದಾರಿ ಕಾಣದೆ ಶನಿವಾರ ಸಂಜೆ ಎಸ್‌ಟಿಡಿ ಬೂತಿನಿಂದ ಕಾಕಾಗೆ ಫೋನು ಮಾಡಿದೆ. ಎಲ್ಲ ಕೇಳಿ "ಹೂಂ" ಎಂದು ಫೋನಿಟ್ಟರು. ಚಿಲಕದ ಕತೆ ನೆನಪಾಗಿ ನನ್ನ ಜೀವ ಬಾಯಿಗೆ ಬಂತು.

ಭಾನುವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಹತ್ತು ಮಂದಿ ಕೂತಿದ್ದರು. ವಡೋದರಾದಿಂದ ಮೊದಲ ಬಸ್ಸಿಗೇ ಬಂದಿಳಿದಿದ್ದ ಕಾಕಾ ಧಾರವಾಡದ ಧಾಟಿಯ ಗುಜರಾತಿಯಲ್ಲಿ ಮಾತಾಡಿದರು. ನಾನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ಇವಳು ರಾತ್ರಿ ಹತ್ತಕ್ಕೆ ಬರುತ್ತಾಳೆ" ಎಂದರು ಸೆಕ್ರೆಟರಿ.

"ಬರ್ತಾಳ. ಸಂಗತಿ."

"ಗಂಡಸಿನ ಸ್ಕೂಟರಿನಲ್ಲಿ ಬರುತ್ತಾಳೆ."

"ಹೌದು. ಅದೂ ಸಂಗತಿ."

"ಬಾಲ್ಕನಿಯಲ್ಲಿ ನಿಂತು ಗಟ್ಟಿಯಾಗಿ ನಗುತ್ತಾಳೆ."

"ನಗತಾಳ. ಆಕಿ ಅಜ್ಜಿ ಇನ್ನೂ ಗಟ್ಟಿ ನಗತಿದ್ಲು."

ಇವರು ಯಾರ ಕಡೆಯ ವಕೀಲರಪ್ಪ! ನಾನು ಮನಸ್ಸಿನಲ್ಲೇ ಟ್ರಂಕು ಕಟ್ಟತೊಡಗಿದೆ. ಆಗ ಕಾಕಾ ಎದ್ದು ನಿಂತರು.

"ನೀವು ಕಂಡದ್ದು ಮೂರೂ ಖರೆ. ಈಗ ನಡತಿ ಸರಿಯಿಲ್ಲ ಅನ್ನೋದು ಇದರಾಗ ಎಲ್ಲಿ ಅದ, ತೋರಸ್ರಿ."

"ಹಾಗಂತ ಎಲ್ಲರೂ ಹೇಳುತ್ತಿದ್ದಾರೆ, ಕಾಕಾ."

"ಹತ್ತು ಮಂದಿ ಅಂದರ ಹತ್ತು ಅಭಿಪ್ರಾಯ ಆತು. ಎಲ್ಲಾ ಕೂಡಿಸಿದರೂ ಒಂದು ಸಂಗತಿ ಆಗೂದಿಲ್ಲ."

ಸೆಕ್ರೆಟರಿ ದಡ್ಡರಲ್ಲ. "ಸರಿ, ಇವಳು ಒಳ್ಳೆಯವಳು ಅನ್ನುವುದಕ್ಕೆ ನಿಮ್ಮ ಹತ್ತಿರ ಪುರಾವೆ ಏನಿದೆ?" ಎಂದು ಕೇಳಿದರು.

ಮುಗಿಯಿತು ಎಂದುಕೊಂಡೆ. ಕಾಕಾ ಕನ್ನಡಕ ತೆಗೆದರು.

"ಪುರಾವೆ ಇಲ್ಲ. ಇದು ನನ್ನ ಅಭಿಪ್ರಾಯ. ಈಕಿ ಭಾಳ ಚಲೋ ಹುಡುಗಿ. ನಮ್ಮ ಮನಿತನದಾಗ ಇಂಥಾಕಿ ಇನ್ನೊಬ್ಬಾಕಿ ಹುಟ್ಟಿಲ್ಲ. ನೀವೆಲ್ಲಾ ಕೂಡಿ ಏನಂದರೂ ಈ ಅಭಿಪ್ರಾಯ ನಾ ಬದಲಸೂದಿಲ್ಲ. ಈಕಿ ಕ್ಷಮಾ ಕೇಳೂದಿಲ್ಲ, ಮನಿ ಬಿಡೂದೂ ಇಲ್ಲ."

ಎರಡನೇ ಮಹಡಿಯ ಅಜ್ಜಿಯೊಬ್ಬರು, "ನನ್ನ ಮೊಮ್ಮಗಳೂ ಆಸ್ಪತ್ರೆ ಡ್ಯೂಟಿ ಮುಗಿಸಿ ತಡವಾಗಿಯೇ ಬರುತ್ತಾಳೆ, ಅವಳನ್ನೂ ಮೀಟಿಂಗಿಗೆ ಕರೆಯುತ್ತೀರಾ?" ಎಂದರು. ಸೆಕ್ರೆಟರಿ ಎಲ್ಲರ ಮುಖ ನೋಡಿ, "ಬಿಡಿ ಕಾಕಾ, ಇರಲಿ ಹುಡುಗಿಯರು. ಚಾ ಕುಡಿಯಿರಿ" ಎಂದರು. ಕಾಕಾ ಬೇಡವೆಂದು ನನ್ನ ಜೊತೆ ಮೆಟ್ಟಿಲು ಹತ್ತಿದರು.

ಮೊದಲ ಮಹಡಿಗೆ ಬರುವಷ್ಟರಲ್ಲಿ ಅವರು ಗೋಡೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಕಾಕಾ, ಏನಾತು? ನಾಷ್ಟಾ ಮಾಡೀರಿಲ್ಲೋ?"

"ಇಲ್ಲ. ನಿನ್ನಿ ನಿನ್ನ ಫೋನ್ ಬಂದಾಗಿಂದ ಒಂದು ತುತ್ತೂ ಒಳಗ ಇಳಿದಿಲ್ಲವ್ವಾ" ಎಂದರು.

ಹತ್ತು ಮಂದಿಯ ಎದುರು ಒಂದು ಹನಿ ಕಣ್ಣೀರೂ ಹಾಕದ ನಾನು ಅವರ ಪಕ್ಕದಲ್ಲಿ ಕೂತು, ಅವರ ತೋಳಿಗೆ ಮುಖವಿಟ್ಟು ಗಟ್ಟಿಯಾಗಿ ಅತ್ತೆ.