ಉಪಗ್ರಹದ ಹೆಸರಿಲೆ ಒಂದು ನುಗ್ಗಿ ಗಿಡ

ಮಾಸ್ತರಕಿ ಮಾಡೂ ಮನಶ್ಯಾ ನಗೂ ಸಂಗತಿ ಹುಡುಕ್ಕೋತ ಎಲ್ಲೂ ಹೋಗಬೇಕಾಗಿಲ್ಲ. ಹಾಜರಿ ಕರಿಯೂದರೊಳಗ ಅವೇ ಬಂದು ಮುಂದಿನ ಗೋಣಿ ತಟ್ಟಿನ ಮ್ಯಾಲೆ ಕುಂತಿರತಾವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಕೂ ತಾಲೂಕಿನ ನೀರು ಕುಡದು ನೌಕರಿ ಮುಗಿಸೇನಿ. ನಗದ ಹೊಂಟು ಬಂದ ಊರು ಒಂದೂ ಇಲ್ಲ. ಆದ್ರ ಮೊದಲನೇ ಊರಿನ ನುಗ್ಗಿ ಗಿಡದ ಮುಂದ ಉಳಿದದ್ದೆಲ್ಲಾ ಸಪ್ಪಗ.

ಆಗ ನಾನು ಹಂಗಾಮಿ ಮಾಸ್ತರ. ನಮ್ಮ ಊರು ಬಾಗೇವಾಡಿ; ಸಾಲಿ ಇದ್ದದ್ದು ಸಿಂದಗಿ ತಾಲೂಕಿನಾಗ, ಆಲಮೇಲದ ಕಡೆ ಒಂದು ಹಳ್ಳಿಯೊಳಗ. ಸಾಲಿಗಿ ಇಬ್ಬರೇ ಮಾಸ್ತರು, ಹೆಡ್ ಮಾಸ್ತರು ಮತ್ತ ನಾನು. ಮುದ್ದೇಬಿಹಾಳದಾಗ ಒಂದು ಹುಡಿಗಿ ನೋಡಿ, ಅಕಿನೂ ನನ್ನ ನೋಡಿ, ಎರಡೂ ಕಡೆ ಹೂಂ ಅಂದಾಗಿತ್ತು. ಆದ್ರ ಹುಡಿಗಿ ಅಪ್ಪ ಒಂದೇ ಮಾತು ಹೇಳಿದ್ದ: ನೌಕರಿ ಕಾಯಂ ಆಗಲಿ, ಆಮ್ಯಾಲೆ ಲಗ್ನದ ಅಕ್ಕಿಕಾಳು. ಕಾಯಂ ಮಾಡೂದು ಇಂಡಿ ಊರಾಗ ಕುಂದ್ರತಿದ್ದ ಶಿಕ್ಷಣ ಖಾತೆ ಸಾಹೇಬರ ಕೈಯಾಗ. ವರ್ಷ ತುಂಬೂದರೊಳಗ ಅವರು ಬಂದು ನನ್ನ ಪಾಠ ನೋಡಿ, ಸಾಲಿ ಭೇಟಿ ಪುಸ್ತಕದಾಗ ನಾಕು ಛಲೋ ಮಾತು ಬರೀಬೇಕು. ಇದನ್ನ ನೀವು ನೆನಪಿಡ್ರಿ. ನಾನಂತೂ ಆ ವರ್ಷ ಒಂದು ದಿನಾನೂ ಮರೀಲಿಲ್ಲ.

೧. ಜಾಳಿಗಿ ಛತ್ರಿ

ನಮ್ಮ ದೇಶದ ಮೊದಲನೇ ಉಪಗ್ರಹ ಹಾರಿದ ವರ್ಷ ಅದು. ಅದೇ ಮಳಿಗಾಲದಾಗ ಬ್ಯಾರೆ ಒಂದು ಉಪಗ್ರಹದಿಂದ ಹಳ್ಳಿ ಮಂದಿಗೆ ಟೀವಿ ತೋರಸಾಕ ಸರಕಾರದವರು ಒಂದು ವರ್ಷದ ಮಟ್ಟಿಗಿ ಏರ್ಪಾಡು ಮಾಡಿದ್ರು. ನಮ್ಮ ಹಳ್ಳಿ ನಶೀಬ ತೆರೀತು. ಲಾರಿಯಾಗ ಒಂದು ಟೀವಿ ಬಂತು, ಅದರ ಜೋಡಿ ಒಂದು ದೊಡ್ಡ ಛತ್ರಿ. ಕೋಳಿ ಗೂಡಿಗೆ ಬಡೀತಾರಲ್ಲ, ಅಂಥಾ ತಂತಿ ಜಾಳಿಗಿಲೆ ಮಾಡಿದ್ದು, ಎರಡಾಳು ಅಗಲ. ಸಾಲಿ ಹಿಂದಿನ ಬಯಲಿನಾಗ ಸಿಮೆಂಟ್ ಹಾಕಿ ಕೂಡಿಸಿ, ಪಡುವಣ ಮುಗಿಲಿನ ಕಡೆ ಮಾರಿ ಮಾಡಿ, ಇದನ್ನ ಯಾರೂ ಒಂದು ಎಳ್ಳಷ್ಟೂ ಅಲಗಾಡಿಸಬಾರದು ಅಂತ ತಾಕೀತು ಮಾಡಿ ಹೋದ್ರು. ಮುಂಜಾನೆ ಹುಡುಗರಿಗೆ ಪಾಠ, ಸಂಜೀಕ ಊರಿಗೆ ಒಕ್ಕಲುತನದ ಮಾತು.

ದಸರಾ ಹತ್ತರ ಬಂತು. ನಮ್ಮ ಕಡೆ ಆಗ ಮನ್ಯಾಗಿನ ಹಾಸಿಗಿ ಹೊದಕಿ ಎಲ್ಲಾ ಒಗಿಯೂ ವಾಡಿಕಿ. ಒಂದಿನ ಮಧ್ಯಾಹ್ನ ಬಯಲಿಗಿ ಹೋಗಿ ನೋಡ್ತೇನಿ, ಸಾಲಿ ಬಾಜೂ ಮನಿ ಮುದುಕಿ ಆಯಿ ಛತ್ರಿ ತುಂಬ ಕೌದಿ ಒಣಾಕ ಹಾಕ್ಯಾಳ. ನಡುವಿನ ಕೋಲಿಗೆ ತಲಿದಿಂಬು ಸಿಗಿಸ್ಯಾಳ. ಹೆಡ್ ಮಾಸ್ತರನ್ನ ಕರಕೊಂಡು ಬಂದೆ. ಅವರು ಸಿಟ್ಟು ನುಂಗಿ, ಆಯಿ, ಇದು ಬಟ್ಟಿ ಒಣಗಸೂದಲ್ಲ, ಆಕಾಶದಿಂದ ಬರೂ ಚಿತ್ರ ಹಿಡಿಯೂದು ಅಂತ ಸಮಾಧಾನದಿಂದ ತಿಳಿಸಿ ಹೇಳಿದ್ರು. ಆಯಿ ಅಷ್ಟೂ ಕೇಳಿದ್ಲು.

"ಚಿತ್ರ ಬರೂದು ಸಂಜೀಕಲ್ಲೇನ್ರಿ? ಅಲ್ಲೀತನಕ ನನ್ನ ಕೌದಿ ಒಣಗತಾವ್ರಿ."

೨. ಇದು ಗಿಡಾನೋ ಬಡಿಗೀನೋ

ಗಿಡದ ಮಾತು ಅದಕ್ಕೂ ಮೊದಲಿಂದು. ಟೀವಿ ಚಾಲೂ ಮಾಡಾಕ ಇಂಡಿ ಸಾಹೇಬರು ಬರತಾರ, ಅಂತರಿಕ್ಷ ವಿಜ್ಞಾನದ ನೆನಪಿಗಿ ಅವರ ಕೈಲೆ ಒಂದು ವಿಶೇಷ ಗಿಡ ಹಚ್ಚಸ್ರಿ ಅಂತ ಕಾಗದ ಬಂತು. ವಿಶೇಷ ಅಂದ್ರ ಏನು ಅಂತ ಕಾಗದದಾಗ ಇರಲಿಲ್ಲ. ಊರ ಹಿರೇರು ಕೂಡಿದ್ರು. ಒಬ್ಬರು ಆಲ ಅಂದ್ರು. ಅದು ದೊಡ್ಡದಾಗೂದರಾಗ ನಮ್ಮ ಮೊಮ್ಮಕ್ಕಳ ಹಲ್ಲು ಬಿದ್ದಿರತಾವು ಅಂತ ಇನ್ನೊಬ್ಬರು. ಮಾವು ಅಂದ್ರ ಹಣ್ಣಿನ ಸಲುವಾಗಿ ಜಗಳ. ಬೇವು ಊರ ತುಂಬ ಅದಾವು, ಅದರಾಗೇನು ವಿಶೇಷ. ಕಡೀಕ ಹೆಡ್ ಮಾಸ್ತರು ನುಗ್ಗಿ ಅಂದ್ರು. ಆಕಾಶದ ಸಲುವಾಗಿ ಹಚ್ಚೂ ಗಿಡ ಲಗೂನ ಆಕಾಶದ ಕಡೆ ಹೋಗಬೇಕು, ನುಗ್ಗಿಗಿಂತ ಲಗೂ ಹೋಗೂದು ರಾಕೆಟ್ ಒಂದೇ ಅಂದ್ರು. ಮನಿ ಮುಂದ ನುಗ್ಗಿ ಹಚ್ಚಬಾರದು ಅಂತ ಗೌಡರು ತಕರಾರು ತಗದ್ರು. ಇದು ಮನಿ ಅಲ್ಲ, ಸಾಲಿ. ಮುಂದ ಅಲ್ಲ, ಹಿಂದ ಹಚ್ಚತೀವಿ ಅಂತ ಹೆಡ್ ಮಾಸ್ತರು ಆ ಮಾತು ಮುಗಿಸಿದ್ರು.

ನುಗ್ಗಿಗೆ ಸಸಿ ಬೇಕಾಗಿಲ್ಲ, ಬಲಿತ ಟೊಂಗಿ ಕಡದು ನೆಟ್ರ ಚಿಗೀತೈತಿ. ಸಾಹೇಬರು ಬಂದ ದಿನ ಅಂಥಾ ಒಂದು ಟೊಂಗಿಗೆ ಅರಿಷಿಣ ಕುಂಕುಮ ಹಚ್ಚಿ, ಹೂವಿನ ಮಾಲಿ ಸುತ್ತಿ ಅವರ ಕೈಗೆ ಕೊಟ್ವಿ. ಸಾಹೇಬರು ಅದನ್ನ ಸತ್ಕಾರದ ಬಡಿಗಿ ಅಂತ ತಿಳದು, ಊರಿಕೋತ ನಾಕು ಹೆಜ್ಜಿ ಹೋಗೇಬಿಟ್ರು. ಹೆಡ್ ಮಾಸ್ತರು ಹಿಂದಿಂದ ಓಡಿ ಹೋಗಿ, ಸಾಹೇಬ್ರ ಅದು ಗಿಡರೀ ಅಂತ ಕಿವ್ಯಾಗ ಹೇಳಬೇಕಾತು.

ಎಲ್ಲಿ ಹಚ್ಚೂದು ಅಂತ ಸಾಹೇಬರೇ ಜಾಗಾ ಆರಿಸಿದ್ರು. ಛತ್ರಿ ಎತ್ತ ನೋಡತದ ಅಂತ ನನ್ನ ಕೇಳಿದ್ರು, ನಾ ತೋರಿಸಿದೆ. "ಹಂಗಾದ್ರ ಅದರ ಎದುರಿಗೇ ಹಚ್ಚೋಣ. ಮ್ಯಾಲಿಂದ ಉಪಗ್ರಹಕ್ಕ ಮೊದಲು ಈ ಗಿಡಾನೇ ಕಾಣಲಿ" ಅಂದ್ರು. ವಿಜ್ಞಾನ ಕಲಸೂವ ನಾನು ಅಲ್ಲೇ ಬಾಯಿ ತಗೀಬೇಕಿತ್ತು. ಆದ್ರ ಮುದ್ದೇಬಿಹಾಳ ಕಣ್ಣ ಮುಂದ ಬಂತು, ಸುಮ್ಮನಾದೆ. ಅದೂ ಅಲ್ಲದ ಆವತ್ತು ಅದು ಬರೇ ಒಂದು ಕೋಲು.

ಸಾಹೇಬರು ಆ ಕೋಲನ್ನ ತಲಿ ಕೆಳಗ ಮಾಡಿ ನೆಟ್ರು. ಹೆಡ್ ಮಾಸ್ತರು ನನ್ನ ಚಿವುಟಿದ್ರು, ನಾ ಅವರನ್ನ ಚಿವುಟಿದೆ, ಇಬ್ಬರೂ ಚಪ್ಪಾಳಿ ಹೊಡದ್ವಿ. ಬಾಜೂಕ ಸಾಹೇಬರ ಹೆಸರು ಕೆತ್ತಿದ ಒಂದು ಕಲ್ಲೂ ನಿಂತಿತು. ಜೀಪಿನ ಧೂಳು ಅಡಗಿದ್ದೇ ತಡ, ಹೆಡ್ ಮಾಸ್ತರು ಟೊಂಗಿ ಕಿತ್ತು, ಬುಡ ಕೆಳಗ ಮಾಡಿ ನೆಟ್ಟು ಕೈ ಝಾಡಿಸಿಕೊಂಡ್ರು. ಹಿಂಗ್ಯಾಕ್ರಿ ಅಂದಿದ್ದಕ್ಕ, ಉತ್ತರ ತಪ್ಪಿದ್ರ ತಿದ್ದೂದು ನಮ್ಮ ಕಸಬು ತಮ್ಮಾ ಅಂದ್ರು.

೩. ಮನಿಗೊಂದು ತಂಬಿಗಿ

ಸಾಲಿಗಿ ಬಾವಿ ಇರಲಿಲ್ಲ. ಗಿಡಕ್ಕ ನೀರು ಎಲ್ಲಿಂದ? ಹೆಡ್ ಮಾಸ್ತರು ಒಂದು ಪಾಳಿ ಹಚ್ಚಿದ್ರು: ದಿನಾ ಐದು ಹುಡುಗರು ಪಾಟೀಚೀಲದ ಜೋಡಿ ಮನಿಯಿಂದ ಒಂದೊಂದು ತಂಬಿಗಿ ನೀರು ತರಬೇಕು. ಹುಡುಗರಿಗೆ ಇದರ ಹುಚ್ಚೇ ಹಿಡೀತು. ಪಾಳಿ ಇಲ್ಲದವೂ ತಂದು ಸುರಿಯಾಕ ಹತ್ತಿದ್ವು. ನಮ್ಮ ಮನಿ ನೀರಿಗೇ ಇವತ್ತ ಎಲಿ ಒಡದೈತಿ, ಇಲ್ಲ ನಮ್ಮ ಮನೀದಕ್ಕ, ಅಂತ ಜಗಳಾಡತಿದ್ವು. ಆ ಜಗಳ ಮನಿಗಿ ಹೋಗಿ ಅವ್ವಂದಿರಿಗೂ ಹತ್ತಿತು. ಊರಾಗ ಆ ಗಿಡದಾಗ ಪಾಲಿಲ್ಲದ ಮನಿ ಉಳೀಲಿಲ್ಲ.

ಬ್ಯಾಸಿಗಿ ಬಂತು, ಊರ ಬಾವಿ ತಳ ಕಂಡಿತು. ಒಂದಿನ ಎರಡನೇ ಕ್ಲಾಸಿನ ಹುಡಿಗಿ ತುಂಬಿದ ತಂಬಿಗಿ ಹಿಡಕೊಂಡು ಅಳಮಾರಿ ಮಾಡಿಕೊಂಡು ನಿಂತಿತು. ಬಗ್ಗಿ ನೋಡಿದ್ರ ಮಜ್ಜಿಗಿ. ಮನ್ಯಾಗ ನೀರು ತೀರಿತ್ತು, ಗಿಡ ಉಪಾಸ ಇರಬಾರದು ಅಂತ ಅವ್ವ ಮಜ್ಜಿಗಿ ಕೊಟ್ಟು ಕಳಿಸಿದ್ಲು. ಹೆಡ್ ಮಾಸ್ತರು ಆ ಹುಡಿಗಿ ತಲಿ ಸವರಿ, ತಮ್ಮ ಕುಡಿಯೂ ನೀರಿನ ತಂಬಿಗಿ ಅಕಿ ಕೈಗೆ ಕೊಟ್ಟು ಗಿಡಕ್ಕ ಹಾಕಿಸಿದ್ರು. ಆಮ್ಯಾಲೆ ಮಜ್ಜಿಗಿ ಗಟಗಟ ಕುಡದು ಮೀಸಿ ಒರಸಿಕೊಂಡು, ನಾಳೆ ಯಾರ ಪಾಳಿ ಅಂತ ಕೇಳಿದ್ರು.

೪. ಕುರ್ಚಿ ಮ್ಯಾಲಿನ ಶಿಕ್ಷಾ

ಇಷ್ಟು ಉಣಿಸಿದ್ರ ಯಾವ ಗಿಡ ಸುಮ್ಮನ ಇದ್ದೀತು? ಜೂನ್ ತಿಂಗಳಾಗ ಸಾಲಿ ತೆರೆಯೂದರಾಗ ಎರಡಾಳು ಎತ್ತರ ಆಗಿ, ತಲಿ ತುಂಬ ಎಲಿ ಹೊತ್ತು ಛತ್ರಿ ಮುಂದ ನಿಂತಿತ್ತು. ಟೀವಿಯೊಳಗ ಚಿತ್ರ ಹೋಗಿ ಬರೇ ಬಿಳಿ ನುಚ್ಚು ಕೇರಿಧಂಗ ಕಾಣಾಕ ಹತ್ತಿತು. ಊರ ಮಂದಿ ಅದನ್ನೂ ಕುಂತು ನೋಡಿದ್ರು. ದಿಲ್ಲಿಯಾಗ ಮಳಿ ಹತ್ತೈತಿ ಅಂತ ಗೌಡರು ಹೇಳಿದ್ರು. ಮರುದಿನ ನಮ್ಮಲ್ಲೂ ಮಳಿ ಆತು, ಟೀವಿ ಮ್ಯಾಲೆ ಭರೋಸಾ ಇನ್ನೂ ಹೆಚ್ಚಾತು.

ಮಳಿ ನಿಂತ ಮ್ಯಾಲೆ ನಾನು ಹಿಂದ ಹೋಗಿ, ಒಂದು ಕುರ್ಚಿ ಮ್ಯಾಲೆ ನಿಂತು, ಗಿಡದ ತಲಿಗಿ ರುಮಾಲು ಸುತ್ತಿ ಮೆತ್ತಗ ಬಾಜೂಕ ಬಗ್ಗಿಸಿದೆ. ಒಳಗಿಂದ ಹುಡುಗರು ಬಂತು ಬಂತು ಅಂತ ಒದರಿದ್ರು. ಬಿಟ್ಟೆ, ಹೋತು. ರೋಗ ಏನು ಅಂತ ತಿಳೀತು, ಆದ್ರ ಮದ್ದು ಮಾಡೂದು ಹೆಂಗ? ಗಿಡ ಕಡಿಯೂಣು ಅಂದ್ರ ಸಾಹೇಬರ ಹೆಸರಿನ ಕಲ್ಲು ಐತಿ. ತಲಿ ಕತ್ತರಸೂಣು ಅಂದ್ರ ಎಲ್ಲಾ ಮನಿ ಅವ್ವಂದಿರೂ ಬಂದು ನಮ್ಮ ತಂಬಿಗಿ ನೀರು ತಿರುಗಿ ಕೊಡ್ರಿ ಅಂದ್ರು. ಹಗ್ಗ ಕಟ್ಟಿ ಎಳದು ನೋಡಿದ್ವಿ. ನುಗ್ಗಿ ಕಟಿಗಿ ಬರೇ ಮೆದು, ಒಂದು ಟೊಂಗಿ ಲಟಕ್ಕನ ಮುರೀತು. ಹೆಡ್ ಮಾಸ್ತರು ಆವತ್ತು ಮಧ್ಯಾಹ್ನ ಊಟ ಮಾಡಲಿಲ್ಲ. ಛತ್ರಿ ಅಂತೂ ಮುಟ್ಟೂಹಂಗಿಲ್ಲ.

ಹಿಂಗಾಗಿ ಟೀವಿ ಹಚ್ಚಿದಾಗೆಲ್ಲಾ ಗಿಡದ ತಲಿ ಕೈಲೆ ಹಿಡಿಯೂ ಕೆಲಸ ನನಗ ಬಂತು. ಟೀವಿ ಒಳಗ, ನಾ ಹೊರಗ. ಮಂದಿ ನಕ್ರ, ಏನು ತೋರಿಸಿದ್ರು ಅಂತ ಕಿಟಕಿಯಾಗ ಕೇಳೂದು. ಒಂದಿನ ಸಂಜೀಕ ಕೌದಿ ಆಯಿ ಬಂದು ನನ್ನ ಮ್ಯಾಲಿಂದ ಕೆಳಗ ನೋಡಿದ್ಲು. ಹುಡುಗರು ತಪ್ಪು ಮಾಡಿದ್ರ ನಾವು ಎಬ್ಬಿಸಿ ನಿಂದ್ರಸತಿದ್ದದ್ದು ಅಕಿಗೆ ಗೊತ್ತಿತ್ತು.

"ಅಯ್ಯ ಪಾಪ, ಮಾಸ್ತರ ಏನು ತಪ್ಪು ಮಾಡೀರಿ? ದಿನಾ ಕುರ್ಚಿ ಮ್ಯಾಲೆ ನಿಂದ್ರಸತಾರಲ್ರಿ."

೫. ಸಾಹೇಬರು ಬಂದ್ರು

ಅಷ್ಟರಾಗ ಕಾಗದ ಬಂತು. ಗುರುವಾರ ಮುಂಜಾನೆ ಸಾಹೇಬರು ಬರತಾರ, ಟೀವಿ ಪಾಠದ ಜೋಡಿ ನನ್ನ ಪಾಠ ನೋಡತಾರ, ತಾವು ಹಚ್ಚಿದ ಗಿಡಾನೂ ನೋಡತಾರ.

ಪಾಠ ಮಾಡಾಕ ನಾ ಒಳಗಿರಬೇಕು, ಗಿಡ ಹಿಡಿಯಾಕ ನಾನೇ ಹೊರಗಿರಬೇಕು. ಬಿತ್ತಿಗಿ ದಿನ, ಊರಾಗ ದೊಡ್ಡವರು ಯಾರೂ ಇಲ್ಲ. ಹುಡುಗರಿಗೆ ಗಿಡ ನಿಲುಕೂದಿಲ್ಲ. ಚಿತ್ರ ಬರಲಿಲ್ಲಂದ್ರ ಪಾಠ ಕೆಟ್ಟಿತು, ಪಾಠ ಕೆಟ್ರ ನೌಕರಿ ಹೋತು, ನೌಕರಿ ಹೋದ್ರ ಮುದ್ದೇಬಿಹಾಳ ಹೋತು. ಹೆಡ್ ಮಾಸ್ತರು ನನ್ನ ಮಾರಿ ನೋಡಿ ಹೇಳಿದ್ರು:

"ಪಾಠ ನಿಂದು, ಗಿಡ ನಂದು. ನಿನ್ನ ಅಕ್ಕಿಕಾಳಿಗಿ ನಾ ಬರಬೇಕು ತಮ್ಮಾ, ಸುಮ್ಮನಿರು."

ರಿಟೈರ್ ಆಗೂ ವಯಸ್ಸು, ಮೊಣಕಾಲು ಬ್ಯಾನಿ, ಕುರ್ಚಿ ಹತ್ತಿ ನಿಂದ್ರೂದು ಬ್ಯಾಡ್ರಿ ಅಂತ ನಾ ಬೇಡಿಕೊಂಡೆ. ಕೇಳಲಿಲ್ಲ. ನನ್ನ ಸ್ವಂತ ಅಪ್ಪ ಆದ್ರೂ ಅಷ್ಟು ಮಾಡತಿದ್ನೋ ಇಲ್ಲೋ.

ಗುರುವಾರ ಸಾಹೇಬರು ಬಂದವರೇ ಮೊದಲು ಗಿಡಕ್ಕ ಹೋದ್ರು. ಕಲ್ಲಿನ ಮ್ಯಾಲಿನ ತಮ್ಮ ಹೆಸರು ಓದಿದ್ರು, ಕತ್ತೆತ್ತಿ ನೋಡಿದ್ರು. ಕೈಗುಣ ಅಂದ್ರ ಇದು ಅಂತ ತಾವೇ ಅಂದು ಖುಷಿಪಟ್ರು. ತಲಿ ಕೆಳಗ ನೆಟ್ಟದ್ದು ನೆನಪಾಗಿ ನಾ ನೆಲ ನೋಡಿದೆ. ಎಲ್ಲಾರೂ ಒಳಗ ಬಂದ್ವಿ. ಚಹಾ ನೋಡಿ ಬರತೇನಿ ಅಂತ ಹೆಡ್ ಮಾಸ್ತರು ಮೆಲ್ಲಕ ಹೊರಬಿದ್ರು. ಒಂದು ನಿಮಿಷದಾಗ ಟೀವಿಯೊಳಗ ಚಿತ್ರ ಕನ್ನಡಿಯಂಗ ಬಂತು.

ಪಾಠ ಛಲೋ ಹೊಂಟಿತು. ಬೀಜ ಹೆಂಗ ಮೊಳಕಿ ಒಡಿತೈತಿ ಅಂತ ಟೀವಿಯವರು ತೋರಿಸೂದು, ನಾ ಹುಡುಗರನ್ನ ಕೇಳೂದು, ಅವು ಟಕಾಟಕ್ ಹೇಳೂದು. ಸಾಹೇಬರು ತಲಿ ತೂಗಾಕತ್ತಿದ್ರು. ಅಷ್ಟೊತ್ತಾದ್ರೂ ಚಹಾ ಬರಲಿಲ್ಲ, ಹೆಡ್ ಮಾಸ್ತರೂ ಬರಲಿಲ್ಲ. ಸಾಹೇಬರು ಎದ್ದು, ನೀವು ನಡಸ್ರಿ ಅಂತ ಹೇಳಿ ಹಿಂದಿನ ಬಾಗಿಲಿಂದ ಹೊರಗ ಹೋದ್ರು. ಹುಡುಗರನ್ನ ಟೀವಿಗೆ ಒಪ್ಪಿಸಿ ಹಿಂದ ಹಿಂದ ಹೋದೆ.

ಹೆಡ್ ಮಾಸ್ತರು ಕುರ್ಚಿ ಮ್ಯಾಲೆ. ಕರೀ ಟೊಪಿಗಿ ಓರೆ ಆಗೈತಿ, ಧೋತರದ ಚುಂಗು ಗಾಳಿಗಿ ಹಾರಾಕತ್ತೈತಿ, ಎರಡೂ ಕೈಲೆ ಗಿಡದ ತಲಿ ಸಾಹೇಬರ ಕಡೆ ಬಗ್ಗಿಸಿ ಹಿಡದಾರ. ಏನು ನಡದದ ಮಾಸ್ತರ ಅಂತ ಸಾಹೇಬರು ಕೇಳಿದ್ರು.

"ನೀವು ಹಚ್ಚಿದ ಗಿಡರೀ ಸಾಹೇಬ್ರ. ನಿಮಗ ನಮಸ್ಕಾರ ಮಾಡೂದು ಕಲಸಾಕತ್ತೇನ್ರಿ."

ಇಷ್ಟಕ್ಕೇ ಬಿಟ್ಟಿದ್ರ ನಡದು ಹೋಗತಿತ್ತೋ ಏನೋ. ಆದ್ರ ಹೆಡ್ ಮಾಸ್ತರು ಭಾಳ ರೀತಿ ರಿವಾಜಿನ ಮನಶ್ಯಾ. ನಮಸ್ಕಾರ ಅಂದ ಮ್ಯಾಲೆ ಕೈ ಮುಗೀಬೇಕಲ್ಲ, ಎರಡೂ ಕೈ ಎತ್ತಿ ಮುಗದ್ರು. ಗಿಡ ಸರ್ ಅಂತ ಮ್ಯಾಲೆದ್ದು ನೆಟ್ಟಗ ನಿಂತಿತು. ಒಳಗಿಂದ ಅಷ್ಟೂ ಹುಡುಗರು ಒಂದೇ ದನಿಲೆ, ಹೋತ್ರೀ ಚಿತ್ರ ಹೋತು, ಗಿಡ ಬಗ್ಗಸ್ರೀ ಅಂತ ಒದರಿದ್ರು.

ಸಾಹೇಬರು ಗಿಡ ನೋಡಿದ್ರು. ಛತ್ರಿ ನೋಡಿದ್ರು. ನನ್ನ ನೋಡಿದ್ರು. ಎಲ್ಲಾ ತಿಳೀತು. ಯಾವ ಶಾಣ್ಯಾ ಈ ಜಾಗಾ ಆರಿಸಿದಾಂವ ಅಂತ ಸಿಟ್ಟಿಲೆ ಕೇಳಿದ್ರು. ಹೆಡ್ ಮಾಸ್ತರು ಕಣ್ಣಿಲೆ ಆ ಹೆಸರಿನ ಕಲ್ಲು ತೋರಿಸಿದ್ರು.

ನನ್ನ ಕಥಿ ಮುಗೀತು, ಬಾಗೇವಾಡಿ ಬಸ್ಸಿಗೆ ಹೊತ್ತಾತು ಅಂತ ನಾ ತಿಳಕೊಂಡೆ. ಸಾಹೇಬರು ಕೋಟು ತಗದು ನನ್ನ ಕೈಗೆ ಕೊಟ್ರು. ಹೆಡ್ ಮಾಸ್ತರನ್ನ ಕೈ ಹಿಡದು ಇಳಿಸಿ, ನೀವು ಒಳಗ ಹೋಗಿ ಕೂಡ್ರಿ, ನಿಮ್ಮ ಮೊಣಕಾಲು ನಡಗಲಿಕ್ಕೆ ಹತ್ತ್ಯಾವ ಅಂದ್ರು. ತಾವೇ ಕುರ್ಚಿ ಹತ್ತಿ ಗಿಡ ಹಿಡದ್ರು. ಇನ್ನೂ ಒಂಚೂರು ಬಗ್ಗಸ್ರೀ, ಎಡಕ್ಕರೀ ಅಂತ ಒಳಗಿಂದ ಹುಡುಗರು ಹುಕುಂ ಮಾಡಿದ್ರು. ಯಾರು ಹಿಡದಾರ ಅಂತ ಅವಕ್ಕೇನು ಗೊತ್ತು? ಸಾಹೇಬರು ಹೇಳಿಧಂಗ ಬಗ್ಗಿಸಿದ್ರು. ನಾನು ಒಳಗ ಹೋಗಿ ಪಾಠ ಮುಗಿಸಿದೆ. ಪಾಠ ಮುಗಿಯೂತನಕ ಅವರು ಇಳೀಲಿಲ್ಲ.

ಆಮ್ಯಾಲೆ ಬೆವರು ಒರಸಿಕೊಂಡು, ಚಹಾ ಕುಡದು, ಭೇಟಿ ಪುಸ್ತಕ ತರಿಸಿ ಬರದ್ರು. ಅವರ ಜೀಪು ಊರು ದಾಟೂತನಕ ಅದನ್ನ ತಗದು ನೋಡಾಕ ನನಗ ಧೈರ್ಯ ಬರಲಿಲ್ಲ. ಕಡೀಕ ಹೆಡ್ ಮಾಸ್ತರೇ ಚಾಳೀಸು ಏರಿಸಿಕೊಂಡು ದೊಡ್ಡ ದನಿಲೆ ಓದಿದ್ರು:

"ಶಿಕ್ಷಕರ ಪಾಠ ಚೆನ್ನಾಗಿದೆ. ಇವರನ್ನು ಇದೇ ಶಾಲೆಯಲ್ಲಿ ಕಾಯಂ ಮಾಡತಕ್ಕದ್ದು. ಗಿಡ ಇನ್ನೂ ಬೆಳೆಯುವುದಿದೆ."