ಮೂರು ಎ.ಸಿ., ಒಂದು ಕೋಣೆ, ಒಬ್ಬ ಪರಶಿವ

ಹಣೆಯಲ್ಲಿ ಉರಿ, ತಲೆಯ ಮೇಲೆ ಗಂಗೆ, ಎರಡನ್ನೂ ಸರಿತೂಗಿಸಿಕೊಂಡಿರುವ ಪರಶಿವನಿಗೆ ಮೊದಲ ನಮಸ್ಕಾರ. ಎ.ಸಿ. ರಿಪೇರಿಯವನಿಗೆ ಅವನಿಗಿಂತ ಹತ್ತಿರದ ದೇವರು ಯಾರು? ತಂಪು ಮಾಡಲು ಹೋದಲ್ಲೆಲ್ಲ ನನಗೆ ಏನಾದರೊಂದು ತಮಾಷೆ ನಡೆಯುತ್ತಲೇ ಇರುತ್ತದೆ.

ಕಾಲಡಿಯ ಹೀಟರು

ಹುಣಸೂರಿನ ಒಂದು ಸೊಸೈಟಿಯ ಹಳೆಯ ಸರ್ವರ್ ಕೋಣೆ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಶಾಖೆಗಳ ಲೆಕ್ಕವೆಲ್ಲ ಅಲ್ಲೇ. ಮೂರು ಎ.ಸಿ. ಹದಿನೆಂಟು ಡಿಗ್ರಿಗಿಟ್ಟು ಓಡಿಸಿದರೂ ಸರ್ವರ್ ಯಂತ್ರಗಳಿಗೆ ಬಿಸಿ. ಶಿವರಾತ್ರಿಯೊಳಗೆ ಎರಡೇ ಎ.ಸಿ.ಯಲ್ಲಿ ನಡೆಸಿ, ಇಲ್ಲವಾದರೆ ಕೋಣೆಯನ್ನೇ ಮೈಸೂರಿಗೆ ಸಾಗಿಸುತ್ತೇವೆ ಎಂದರು ಮ್ಯಾನೇಜರು. ಹಾಗಾದರೆ ಅಲ್ಲಿನ ಎ.ಸಿ. ನೋಡಿಕೊಳ್ಳುವ ನನ್ನ ಕೆಲಸವೂ ಹೋಯಿತು, ಕೋಣೆ ಕಾಯುವ ಅಟೆಂಡರದ್ದೂ ಹೋಯಿತು.

ಒಳಗೆ ಹೋಗಿ ನೋಡಿದರೆ ಆಪರೇಟರು ಕಂಬಳಿ ಹೊದ್ದು ಕೂತಿದ್ದಾರೆ, ಕಾಲಡಿಯಲ್ಲಿ ಹೀಟರು ಕೆಂಪಗೆ ಉರಿಯುತ್ತಿದೆ. ಚಳಿ ತಡೆಯೋಕಾಗಲ್ಲ ಅಂದರು. ಹೀಟರು ತೆಗೆಸಿದೆ. ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡು, "ಹಂಗಾದ್ರೆ ಇನ್ನೊಂದು ಕಂಬಳಿ ಸೊಸೈಟಿಯೋರೇ ಕೊಡ್ತಾರಾ?" ಎಂದು ಕೇಳಿದರು.

ಬ್ಯಾರನ್ ವಿದ್ಯೆ

ಅಟೆಂಡರು ಗಾವಡಗೆರೆ ಕಡೆಯ ಹೊಗೆಸೊಪ್ಪಿನ ಬೆಳೆಗಾರ. ಮುಂದಿನ ಸಾಲಿನ ಯಂತ್ರಗಳು ಬೆನ್ನಿನಿಂದ ಬಿಡುವ ಬಿಸಿಗಾಳಿ ಹಿಂದಿನ ಸಾಲಿನ ಮುಖಕ್ಕೇ ಬಡಿಯುತ್ತದೆ ಎಂದು ನಾನು ಚಿತ್ರ ಬರೆದು ತೋರಿಸುತ್ತಿದ್ದೆ. ಅವರು ಚಿತ್ರ ನೋಡಲೇ ಇಲ್ಲ. ಸೊಪ್ಪು ಬೇಯಿಸುವ ಬ್ಯಾರನ್ ಗೂಡಿನಲ್ಲಿ ಒಂದು ತೂತಿದ್ದರೂ ಹದ ಕೆಡುತ್ತೆ, ಇಲ್ಲೂ ಅದೇ ಕಥೆ ಅಂದರು. ಭಾನುವಾರ ಎಲ್ಲ ನಿಲ್ಲಿಸಿ ಸಾಲುಗಳನ್ನು ಮುಖಕ್ಕೆ ಮುಖ ಬರುವಂತೆ ಎದುರುಬದುರು ತಿರುಗಿಸಿದೆವು. ಯಂತ್ರಗಳ ನಡುವಿನ ಸಂದುಗಳಿಗೆ ಅವರು ರಟ್ಟು ಕತ್ತರಿಸಿ ಮುಚ್ಚಿದರು. ಎ.ಸಿ.ಯನ್ನು ಇಪ್ಪತ್ನಾಲ್ಕಕ್ಕೆ ಏರಿಸಿ, ಒಂದನ್ನು ಆರಿಸಿಯೇಬಿಟ್ಟೆ. ಯಂತ್ರದ ಬೆನ್ನಿಗೆ ಕೈ ಹಿಡಿದು ಅವರು ಹೇಳಿದ್ದು: "ಇಲ್ಲಿ ನಾಲ್ಕ್ ಸೊಪ್ಪಿನೆಲೆ ಕಟ್ಟುದ್ರೆ ಚೆಂದಾಗ್ ಬಣ್ಣ ಬತ್ತದೆ ಕಣ್ರೀ."

ಅಡ್ಡ ಬಂದವರು

ಆದರೂ ಮೂಲೆಯ ಒಂದು ಯಂತ್ರ ಬಿಸಿಯೇರಿದೆ ಎಂದು ಕಿರುಚುವುದನ್ನು ನಿಲ್ಲಿಸಲಿಲ್ಲ. ಶಿವರಾತ್ರಿಗೆ ಎರಡೇ ದಿನ. ಅಲ್ಲೇ ಗೋಡೆಯ ಮೇಲಿದ್ದ ಪರಶಿವನ ದೊಡ್ಡ ಫೋಟೊಗೆ ದಿನಾ ಬೆಳಿಗ್ಗೆ ಕೈಮುಗಿದು, ತಂಪು ಕೊಡಪ್ಪಾ ಎಂದು ಬೇಡುತ್ತಿದ್ದೆ. ಆಯುಧಪೂಜೆಯಲ್ಲಿ ನಾನೇ ಹಾಕಿದ ಫೋಟೊ. ಮೊಳೆ ಹೊಡೆಯುವುದೇಕೆಂದು ಗೋಡೆಯ ಜಾಲರಿಗೇ ನೇತುಹಾಕಿದ್ದೆ.

ಮ್ಯಾನೇಜರು ಪರೀಕ್ಷೆಗೆ ಬಂದು ಬಾಗಿಲಲ್ಲಿ ನಿಂತರು. ನಾನು ಫೋಟೊ ಮುಂದೆ ಕಣ್ಣು ಮುಚ್ಚಿ ನಿಂತಿದ್ದೆ. ಅಟೆಂಡರು ಕಿವಿಯ ಹತ್ತಿರ ಬಂದು, "ಸಾಮಿ, ಬಿಸಿಗಾಳಿ ಎ.ಸಿ.ಗೆ ವಾಪಸ್ ಹೋಗೋ ಜಾಲರಿ ಅದೇ ಅಲ್ವಾ? ನೀವ್ ಬೇಡ್ಕೊತಿರೋದ್ನ ದೇವ್ರು ಕೊಟ್ಟವ್ನೆ, ನೀವೇ ಅವನ್ನ ಅಡ್ಡ ಕೂರ್ಸಿದೀರಿ" ಅಂದರು.

ಫೋಟೊ ಇಳಿಸಿದೆ. ಸ್ವಲ್ಪ ಹೊತ್ತಿಗೆ ಯಂತ್ರ ಗಪ್‌ಚಿಪ್. ಮ್ಯಾನೇಜರು ಉಷ್ಣಾಂಶದ ಮೀಟರು ನೋಡಿ, ಕೋಣೆ ಇಲ್ಲೇ ಇರಲಿ ಎಂದರು. ಏನು ರಿಪೇರಿ ಮಾಡಿದಿರಿ ಎಂದು ಕೇಳಿದ್ದಕ್ಕೆ ಅಟೆಂಡರು ಗಂಭೀರವಾಗಿ, "ಏನಿಲ್ಲ ಸಾರ್, ದೇವ್ರು ಒಸಿ ಪಕ್ಕುಕ್ ಸರ್ಕೊಂಡ್ರು" ಅಂದರು.

ಈಗ ಪರಶಿವ ಎದುರು ಗೋಡೆಯಲ್ಲಿ, ಮೊಳೆಯ ಮೇಲೆ. ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರ ಮನೆ ತಂಪಾಗಿರಲಿ. ಅವನು ಕಳಿಸುವ ಗಾಳಿಗೆ ನಿಮ್ಮ ಭಕ್ತಿಯೇ ಅಡ್ಡ ಬಾರದಿರಲಿ.